ಬೇಂಗದ ಲೋಟದ ನೀರು

ಹೋದ ತಿಂಗಳು ಒಂದು ಮದುವೆಗೆಂದು ಕಡಬಕ್ಕೆ ಹೋಗಿದ್ದೆ. ಊಟ ಮುಗಿಸಿ ಪುತ್ತೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ರಸ್ತೆಯ ಬದಿಯಲ್ಲಿ ಒಬ್ಬ ಟಾರ್ಪಾಲು ಹಾಸಿ ಮರದ ಸಾಮಾನು ಮಾರುತ್ತಿದ್ದ. ಲಟ್ಟಣಿಗೆ, ಸೌಟು, ಮಣೆ. ಪಕ್ಕದಲ್ಲಿ ಒಂದು ಬಕೆಟು ನೀರು, ಅದರಲ್ಲಿ ಮುಳುಗಿಸಿಟ್ಟ ಕಂದು ಬಣ್ಣದ ಲೋಟಗಳು.

"ಶುಗರಿನ ಲೋಟ ಅಕ್ಕ. ರಾತ್ರಿ ನೀರು ಹಾಕಿಡುದು, ಬೆಳಿಗ್ಗೆ ಕುಡಿಯುದು. ನಿಮಗೆ ಶುಗರ್ ಉಂಟಾ?"

"ಉಂಟು."

"ಹಾಗಾದ್ರೆ ಎರಡು ತಗೊಳ್ಳಿ. ಒಂದು ನಿಮ್ಮ ಯಜಮಾನ್ರಿಗೆ."

ಒಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದೆ. ಒದ್ದೆ ಮರದ ಒಗರು ವಾಸನೆ ಮೂಗಿಗಿಂತ ಮೊದಲು ನಾಲಿಗೆಗೆ ಗೊತ್ತಾಯಿತು. ಲೋಟವನ್ನು ನೀರಿಗೆ ವಾಪಸು ಹಾಕಿದೆ. "ಕಬ್ಬಿಣದ ಗುಳಿಗೆ ನುಂಗುವ ಬಸುರಿಯರಿಗೆ ಮಾತ್ರ ಇದನ್ನು ಕೊಡಬೇಡ ಮಾರಾಯ," ಅಂದೆ. ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಬಿಳಿ ತಲೆಯ ಮುದುಕಿ, ಮದುವೆಯ ಸೀರೆ, ಕೈಯಲ್ಲಿ ತೆಂಗಿನಕಾಯಿಯ ಚೀಲ. ಅಷ್ಟರಲ್ಲಿ ಬಸ್ಸು ಬಂತು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಹತ್ತಿದೆ. ವಾಸನೆ ಮಾತ್ರ ಪುತ್ತೂರು ಮುಟ್ಟುವವರೆಗೂ ಕೈಬಿಡಲಿಲ್ಲ.

ಆ ವಾಸನೆ ಮೊದಲು ನನ್ನ ಮನೆಗೆ ಬಂದದ್ದು ಎಂಬತ್ತರ ದಶಕ ಶುರುವಾದ ಹೊಸತರಲ್ಲಿ. ನಾನು ಕಡಬದಲ್ಲಿ ಹೈಸ್ಕೂಲಿನ ವಿಜ್ಞಾನ ಟೀಚರ್. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಪ್ರಾಥಮಿಕ ಶಾಲೆ ದಾಟಿದವರಿಲ್ಲ. ಅಪ್ಪ ಅಜ್ಜಾವರದವರು, ಮರ ಕೊಯ್ಯುವವರು. ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ಉದ್ದ ಗರಗಸ ಎಳೆಯುವ ಕೆಲಸ. ಅಪ್ಪ ಯಾವಾಗಲೂ ಕೆಳಗಿನವರು. ಹುಡಿಯೆಲ್ಲ ಅವರ ತಲೆಗೆ, ಕಣ್ಣಿಗೆ. ಅಮ್ಮ ಬೀಡಿ ಕಟ್ಟುತ್ತಿದ್ದಳು. ಆ ಹುಡಿ ಮತ್ತು ಆ ಹೊಗೆಸೊಪ್ಪಿನಲ್ಲಿ ನನ್ನ ಬಿ.ಎಸ್ಸಿ. ಆಯಿತು, ಬಿ.ಎಡ್. ಆಯಿತು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಚಪ್ಪಲಿ ಇಲ್ಲದೆ ನಿಂತು ಆಸಿಡ್ ಹಿಡಿದವಳು ನಾನು. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ. ಜಂಬ ಪಡಲಿಕ್ಕೆ ನಮ್ಮಲ್ಲಿ ಬೇರೆ ಎಂತ ಇತ್ತು?

ಗಂಡ ಬೆಳ್ಳಾರೆಯವರು, ದೇವಪ್ಪ. ಪುತ್ತೂರು–ಕಡಬ ಓಡುವ ಒಂದು ಖಾಸಗಿ ಬಸ್ಸಿನ ಕಂಡಕ್ಟರ್. ಡಿಗ್ರಿ ಹೆಂಡತಿಯ ಕಂಡಕ್ಟರ್ ಗಂಡನನ್ನು ಊರು ಸುಮ್ಮನೆ ಬಿಡುತ್ತದಾ? "ದೇವಪ್ಪಣ್ಣ, ಚಿಲ್ಲರೆಯ ಲೆಕ್ಕ ತಪ್ಪಿದರೆ ಟೀಚರಲ್ಲಿ ಕೇಳಿ ಬನ್ನಿ," ಅಂತ ಡ್ರೈವರ್ ತಮಾಷೆ ಮಾಡುತ್ತಿದ್ದ. "ಅವಳು ನನಗೆ ಹೇಳಿಕೊಟ್ಟರೆ ನಿನಗೆ ಬ್ರೇಕ್ ಎಲ್ಲಿ ಉಂಟು ಅಂತ ನಾನು ಹೇಳಿಕೊಡ್ತೇನೆ," ಅನ್ನುತ್ತಿದ್ದರು ಇವರು. ಮನೆಗೆ ಬಂದು ನನಗೂ ಹೇಳಿ ನಗುತ್ತಿದ್ದರು. ಒಳ್ಳೆಯ ಮನುಷ್ಯ.

ಲೋಟದ ಸಂಗತಿಗಿಂತ ಮೊದಲು ಒಂದು ಮಗು ನನ್ನ ಹೊಟ್ಟೆಯಲ್ಲೇ ತೀರಿಕೊಂಡಿತ್ತು. ದಿನ ತುಂಬಿದ ಮಗು. ಉಬ್ಬಿದ ಕೆನ್ನೆ, ತುಂಬಿದ ತೊಡೆ. ನೋಡಿದ ಹೆಂಗಸರೆಲ್ಲ "ಎಷ್ಟು ಚಂದ ಬೆಳೆದಿತ್ತು" ಅಂದರು. ಯಾಕೆ ಹೋಯಿತು ಎಂದು ಒಬ್ಬರೂ ಹೇಳಲಿಲ್ಲ. ದೃಷ್ಟಿ ಎಂದರು, ಬಸುರಿನಲ್ಲಿ ಹೊಳೆ ದಾಟಿದ್ದು ಎಂದರು. ನಾನು ಕೇಳುವುದನ್ನು ಬಿಟ್ಟೆ.

ಎರಡನೇ ಸಲ ಪುತ್ತೂರಿನ ಒಬ್ಬ ಲೇಡಿ ಡಾಕ್ಟರಲ್ಲಿ ಹೋದೆವು. "ಹೋದ ಮಗು ಎಷ್ಟು ದೊಡ್ಡದಿತ್ತು?" ಎಂದು ಕೇಳಿದ ಮೊದಲ ಮನುಷ್ಯರು ಅವರೇ. ನಾನು ಕೈಯಲ್ಲಿ ಅಳತೆ ತೋರಿಸಿದೆ. ಅವರ ಪೆನ್ನು ನಿಂತಿತು. ಮೂತ್ರ ನೋಡಿಸಿದರು, ರಕ್ತ ನೋಡಿಸಿದರು. ಆಮೇಲೆ ಇವರನ್ನೂ ಒಳಗೆ ಕರೆಸಿ ಕೂರಿಸಿದರು.

"ನಿಮಗೆ ಸಕ್ಕರೆ ಉಂಟು. ಬಸುರಿನಲ್ಲಿ ಬರುವಂಥದ್ದು. ಹೋದ ಸಲವೂ ಇದ್ದಿರ್ಬೇಕು, ಯಾರೂ ನೋಡ್ಲಿಲ್ಲ." ನನ್ನ ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಲ್ಲಿ ಎಳೆದು ನೋಡಿದರು. "ರಕ್ತವೂ ಇಲ್ಲ. ಸಕ್ಕರೆ ಇಳೀಬೇಕು, ರಕ್ತ ಏರ್ಬೇಕು. ಎರಡೂ ಒಟ್ಟಿಗೆ ಆಗದಿದ್ರೆ ಈ ಮಗುವಿಗೂ ನಾನು ಧೈರ್ಯ ಹೇಳುದಿಲ್ಲ."

ಕೇಳಲಿಕ್ಕೆ ಸುಲಭ. ಆದರೆ ನಮ್ಮ ಕಡೆ ಬಸುರಿಗೆ ರಕ್ತ ಆಗಲಿ ಎಂದು ಕೊಡುವುದೆಲ್ಲ ಸಿಹಿಯೇ. ಓಲೆಬೆಲ್ಲ, ಖರ್ಜೂರ, ಬೆಲ್ಲ ಹಾಕಿದ ರಾಗಿ ಮಣ್ಣಿ, ಅಂಗಡಿಯ ಕೆಂಪು ಟಾನಿಕ್ಕು. ನನಗೆ ಅವೆಲ್ಲ ವಿಷ. ಟಾನಿಕ್ಕಿನ ಬಾಟ್ಲಿಯನ್ನು ಡಾಕ್ಟರಮ್ಮ ಕೈಯಿಂದಲೇ ಕಿತ್ತುಕೊಂಡರು. ಅದು ಪಾಕ ಅಂದರು. ಕೊಟ್ಟದ್ದು ಕಬ್ಬಿಣದ ಗುಳಿಗೆ. ದಿನವೂ ಬೆಳಿಗ್ಗೆ ಬರಿಹೊಟ್ಟೆಗೆ. "ಚಾಯದೊಟ್ಟಿಗೆ, ಕಾಫಿಯೊಟ್ಟಿಗೆ ಬೇಡ. ರಕ್ತಕ್ಕೆ ಹೋಗಲಿಕ್ಕೆ ಬಿಡುದಿಲ್ಲ," ಎಂದರು. ಸಕ್ಕರೆಗೆ ಇನ್ಸುಲಿನ್ ಸೂಜಿ.

ಮನೆಗೆ ಬಂದು ಇವರು ಒಂದು ಗುಳಿಗೆಯನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿದರು. "ಏ ಮಾರಾಯ್ತಿ, ಇದು ಸಿಹಿ ಉಂಟಲ್ಲ! ಇವ್ರು ನಿನ್ನನ್ನು ಕೊಲ್ಲುದಾ?" ಮರುದಿನ ಬಸ್ಸು ಪುತ್ತೂರಿನಲ್ಲಿ ನಿಂತಾಗ ಓಡಿಹೋಗಿ ಕೇಳಿ ಬಂದರು. ಮೇಲಿನ ತೆಳು ಹೊದಿಕೆ ಮಾತ್ರವಂತೆ, ಚಿಟಿಕೆಯಷ್ಟೂ ಇಲ್ಲವಂತೆ. "ಡಾಕ್ಟರಮ್ಮ ನಗಾಡಿದ್ರು," ಎಂದರು. ಅವರಿಗೆ ನಾಚಿಕೆ ಆಗಿರಲಿಲ್ಲ, ಸಮಾಧಾನ ಆಗಿತ್ತು.

ನಾವಿದ್ದದ್ದು ಏಲಿಯಮ್ಮ ಚೇಡತ್ತಿಯ ಬಾಡಿಗೆ ಕೋಣೆಯಲ್ಲಿ. ಕೇರಳದಿಂದ ಬಂದು ಗುಡ್ಡ ಕಡಿದು ರಬ್ಬರು ನೆಟ್ಟವರು ಅವರು; ಚೇಡತ್ತಿ ಎಂದರೆ ಅವರ ಮಾತಿನಲ್ಲಿ ಅಕ್ಕ. ಅಂಗಳದ ಹಗ್ಗದ ಮೇಲೆ ಬಟ್ಟೆಯ ಬದಲು ರಬ್ಬರಿನ ಶೀಟುಗಳು. ಆ ಹುಳಿ ವಾಸನೆಗೆ ಮೊದಲ ತಿಂಗಳುಗಳಲ್ಲಿ ನನಗೆ ದಿನವೂ ವಾಂತಿ. ಮನೆಯಲ್ಲೇ ಸಕ್ಕರೆ ನೋಡಿಕೊಳ್ಳಲು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸ್ಪಿರಿಟ್ ದೀಪ, ಗಾಜಿನ ನಳಿಗೆ, ನೀಲಿ ದ್ರಾವಣ. ಮೂತ್ರದ ಹನಿ ಹಾಕಿ ಕುದಿಸಿದರೆ ಬಣ್ಣ ತಿರುಗುತ್ತದೆ. ನೀಲಿ ಹಾಗೇ ಇದ್ದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ ಉಂಟು, ಹಳದಿಯಾದರೆ ಹೆಚ್ಚು, ಇಟ್ಟಿಗೆಯ ಬಣ್ಣಕ್ಕೆ ಬಂದರೆ ಆ ದಿನ ಅಳುವುದೇ. ಚೇಡತ್ತಿ ಕಿಟಕಿಯಲ್ಲಿ ಇಣುಕಿ ಕೇಳಿದ್ದರು, "ಟೀಚರೇ, ಎಂತ ಇದು ಬೆಳಿಗ್ಗೆ ಬೆಳಿಗ್ಗೆ ನೀಲಿ ಚಾಯ? ನನಗೊಂದು ಗ್ಲಾಸು ಸಿಗ್ತದಾ?" ಏನು ಕುದಿಸುತ್ತಿದ್ದೇನೆ ಎಂದು ಹೇಳಿದೆ. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಹೋದರು. ಆದರೆ ಮರುದಿನದಿಂದ ಅಂಗಳದಿಂದಲೇ ಕೂಗಿ ಕೇಳುತ್ತಿದ್ದರು, "ಇವತ್ತು ಯಾವ ಕಲರ್ ಟೀಚರೇ?"

ಸೂಜಿ ಹಾಕಲು ಇವರು ಕಲಿತದ್ದು ಬಾಳೆದಂಡಿನ ಮೇಲೆ. ಗಾಜಿನ ಸಿರಿಂಜನ್ನು ಪಾತ್ರೆಯಲ್ಲಿ ಕುದಿಸಿ, ನೀರು ತುಂಬಿಸಿ, ದಂಡಿಗೆ ಚುಚ್ಚಿ ಚುಚ್ಚಿ ಕೈ ನೇರ ಮಾಡಿಕೊಂಡರು. ಇನ್ಸುಲಿನ್ ಬಾಟ್ಲಿಯನ್ನು ತಂಪಾಗಿರಲೆಂದು ಮಣ್ಣಿನ ಮಡಕೆಯ ಒದ್ದೆ ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ, ಹೂತಿಡುತ್ತಿದ್ದೆವು. ಸಿಹಿ ಬಿಟ್ಟೆ, ಅನ್ನ ಅರ್ಧ ಮಾಡಿದೆ, ಚಾಯ ಪೂರ್ತಿ ಬಿಟ್ಟೆ. ಚಾಯ ಬಿಟ್ಟದ್ದು ನನಗೆ ಅನ್ನ ಬಿಟ್ಟಷ್ಟೇ ಕಷ್ಟ.

ಏಪ್ರಿಲ್ ರಜೆ ಶುರುವಾದ ದಿನ ಅಪ್ಪ ಬಂದರು. ಬೈರಾಸಿನಲ್ಲಿ, ಹೆಗಲ ಟವಲಿನಲ್ಲಿ, ಸುತ್ತಿದ್ದ ಒಂದು ಲೋಟವನ್ನು ಬಿಚ್ಚಿ ನನ್ನ ಮುಂದೆ ಇಟ್ಟರು. ಬೇಂಗದ ಮರದ್ದು. ಪುಸ್ತಕದಲ್ಲಿ ಹೊನ್ನೆ ಎನ್ನುವ ಮರ. ಕಚ್ಚು ಹಾಕಿದರೆ ರಕ್ತದ ಹಾಗೆ ಕೆಂಪು ಮೇಣ ಇಳಿಯುತ್ತದೆ. ಅಪ್ಪ ಆಗ ಕೆಲಸಕ್ಕೆ ಹೋಗುತ್ತಿದ್ದ ಸುಳ್ಯದ ಮರದ ಮಿಲ್ಲಿನಲ್ಲಿ ಹಳೆಯ ಮರದ ಚೇಗು, ಅಂದರೆ ನಡುವಿನ ಗಟ್ಟಿ ಭಾಗ, ಸಿಗುವವರೆಗೆ ಕಾದು, ಉಳಿಯಲ್ಲಿ ಕೊರೆದು ಮಾಡಿದ್ದರು. ಒಳಗೆ ಉಳಿಯ ಗುರುತುಗಳು ಮೀನಿನ ಪೊರೆಯ ಹಾಗೆ ಕಾಣುತ್ತಿದ್ದವು. ಅವರ ಎಡಗೈಯ ಬೆರಳಿಗೆ ಚಿಂದಿ ಸುತ್ತಿತ್ತು.

"ರಾತ್ರಿ ನೀರು ಹಾಕಿಡು ಮಗಾ. ಬೆಳಿಗ್ಗೆ ಬಾಯಿಗೆ ಬೇರೆ ಎಂತದೂ ಹಾಕುವ ಮೊದಲು ಕುಡಿ. ಸಕ್ಕರೆ ಬೇರು ಸಮೇತ ಹೋಗ್ತದೆ." ಅಪ್ಪ ಮಾತಾಡುವುದು ತುಳುವಿನಲ್ಲಿ, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆಮೇಲೆ ಸ್ವರ ತಗ್ಗಿಸಿ ಹೇಳಿದರು, "ಡಾಕ್ಟ್ರಲ್ಲಿ ಹೇಳ್ಲಿಕ್ಕೆ ಹೋಗ್ಬೇಡ."

ಇದು ನಮ್ಮ ಕಡೆಯ ರೀತಿ. ಊರ ಮದ್ದು ಮಾಡುವುದನ್ನು ಡಾಕ್ಟರಲ್ಲಿ ಹೇಳುವುದಿಲ್ಲ, ಬೈಯುತ್ತಾರೆ ಎಂದು. ಡಾಕ್ಟರ ಗುಳಿಗೆ ನುಂಗುವುದನ್ನು ಊರ ಪಂಡಿತರಲ್ಲಿ ಹೇಳುವುದಿಲ್ಲ, ಮದ್ದು ಹಿಡಿಯುವುದಿಲ್ಲ ಎನ್ನುತ್ತಾರೆ ಎಂದು. ಎರಡನ್ನೂ ಮಾಡುವುದು, ಎರಡು ಕಡೆಯೂ ಬಾಯಿ ಮುಚ್ಚಿಕೊಂಡಿರುವುದು. ಯಾವುದು ಗುಣ ಮಾಡಿತು ಎಂದು ಕೊನೆಗೆ ಯಾರಿಗೂ ಗೊತ್ತಾಗುವುದಿಲ್ಲ. ಗುಣವಾದರೆ ಸಾಕು, ಅಷ್ಟೆ.

ರಸಾಯನಶಾಸ್ತ್ರ ಓದಿದವಳು ಕುಡಿದೆಯಾ ಎಂದು ಕೇಳಬಹುದು. ಕುಡಿದೆ. ಚಿಂದಿ ಸುತ್ತಿದ ಆ ಬೆರಳು ನೋಡಿದ ಮೇಲೆ ಹೇಗೆ ಕುಡಿಯದಿರುವುದು? ಒಂದು ಮಗುವನ್ನು ಮಣ್ಣು ಮಾಡಿದವಳು ಯಾವ ಬಾಗಿಲನ್ನೂ ತಟ್ಟದೆ ಬಿಡುವುದಿಲ್ಲ. ಡಾಕ್ಟರಮ್ಮ ಬರಿಹೊಟ್ಟೆಗೆ ಎಂದಿದ್ದರು, ಅಪ್ಪನೂ ಬರಿಹೊಟ್ಟೆಗೆ ಎಂದರು. ಹಾಗಾಗಿ ಲೋಟದ ನೀರಿನಲ್ಲೇ ಗುಳಿಗೆ ನುಂಗಿದೆ. ಕಂದು ಬಣ್ಣದ, ಬಾಯಿ ಹಿಂಡುವ ನೀರು. ಚಾಯ ಅಲ್ಲ, ಕಾಫಿ ಅಲ್ಲ, ನೀರು ತಾನೇ ಎಂದು ನನ್ನ ಲೆಕ್ಕ.

ಸಕ್ಕರೆ ಇಳಿಯಿತು. ನಳಿಗೆಯಲ್ಲಿ ಹಳದಿ ಹೋಗಿ ಹಸಿರು ಬಂತು, ಮೇ ತಿಂಗಳಲ್ಲಿ ಕೆಲವು ದಿನ ನೀಲಿಯೇ. ಸೂಜಿಯಿಂದಲೋ, ಪಥ್ಯದಿಂದಲೋ, ಲೋಟದಿಂದಲೋ. ಅಪ್ಪನಿಗೆ ಮಾತ್ರ ಸಂಶಯವಿರಲಿಲ್ಲ. "ಮಗಳ ಸಕ್ಕರೆಯನ್ನು ನಾನು ಇಳಿಸಿದೆ," ಎಂದು ಮಿಲ್ಲಿನಲ್ಲಿ ಹೇಳಿಕೊಂಡು ತಿರುಗಿದರಂತೆ. ಬೇರೆಯವರೂ ಲೋಟ ಕೇಳತೊಡಗಿದರಂತೆ. ಹೆಬ್ಬೆಟ್ಟು ಒತ್ತಿಯೇ ಜೀವನ ಕಳೆದ ಮನುಷ್ಯ, ಡಾಕ್ಟರ ಕೆಲಸದಲ್ಲಿ ಪಾಲು ಸಿಕ್ಕಿತೆಂದು ಎದೆ ಉಬ್ಬಿಸಿದ್ದರು.

ರಕ್ತ ಮಾತ್ರ ಏರಲಿಲ್ಲ. ರಸ್ತೆಯಿಂದ ಮನೆಯ ಏರು ಹತ್ತುವಾಗ ಅರ್ಧದಲ್ಲಿ ಎದೆ ಡಬಡಬ ಎನ್ನುತ್ತಿತ್ತು. ಉಗುರು ಕಾಗದದ ಹಾಗೆ ಬೆಳ್ಳಗೆ. ಅದಕ್ಕಿಂತ ದೊಡ್ಡ ಮರ್ಯಾದೆಗೇಡು ಇನ್ನೊಂದು: ರಕ್ತ ಇಲ್ಲದವರಿಗೆ ಬರುವ, ಸೀಮೆಸುಣ್ಣ ತಿನ್ನುವ ಆಸೆ. ಬೋರ್ಡಿನ ಮೇಲೆ ಬರೆಯುತ್ತ ಬರೆಯುತ್ತ ಬಾಯಲ್ಲಿ ನೀರೂರುತ್ತಿತ್ತು. ರಜೆಗೆ ಮೊದಲು ತುಂಡುಗಳನ್ನು ಸೆರಗಿಗೆ ಕಟ್ಟಿಕೊಂಡು ಬಂದಿದ್ದೆ. ಒಂಬತ್ತನೆಯ ಕ್ಲಾಸಿನ ಹುಡುಗಿಯರು ಪಿಸುಗುಟ್ಟಿದ್ದು ಕಿವಿಗೆ ಬಿದ್ದಿತ್ತು: "ನಮ್ಮ ಟೀಚರು ಪಾಠವನ್ನೂ ತಿಂತಾರೆ, ಸೀಮೆಸುಣ್ಣವನ್ನೂ ತಿಂತಾರೆ."

ಮೇ ಕೊನೆಯಲ್ಲಿ ಬೆರಳು ಚುಚ್ಚಿ ಹನಿ ತೆಗೆದು, ಕೊಳವೆಯ ಬಣ್ಣವನ್ನು ಪಕ್ಕದ ಬಣ್ಣಕ್ಕೆ ಹೋಲಿಸಿ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದರು. ಮೊದಲಿಗಿಂತ ಇಳಿದಿತ್ತು.

"ಸತ್ಯ ಹೇಳಿ. ಗುಳಿಗೆ ನುಂಗ್ತೀರಾ, ಬಾವಿಗೆ ಬಿಸಾಡ್ತೀರಾ?"

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. "ನಾನು ಓದಿದವಳು ಡಾಕ್ಟ್ರೇ. ಒಂದು ದಿನವೂ ತಪ್ಪಿಸಲಿಲ್ಲ."

"ಓದಿದವರೂ ಬಿಸಾಡ್ತಾರೆ. ಮಲ ಕಪ್ಪಾಗ್ತದೆ ಅಂತ ಹೆದರಿ ಬಿಸಾಡ್ತಾರೆ." ಆಮೇಲೆ ಸ್ವರ ಇಳಿಸಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿ ಉಂಟು. "ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಹೋಗ್ತದೆ. ನಿಮ್ಮಲ್ಲಿ ಹೋಗಲಿಕ್ಕೆ ರಕ್ತ ಇಲ್ಲ."

ಬೇಂಗದ ಲೋಟ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೇಳುವ ಅಗತ್ಯ ಕಾಣಲಿಲ್ಲ. ಅದು ಸಕ್ಕರೆಯ ಮದ್ದು, ಡಾಕ್ಟರಮ್ಮ ಕೇಳುತ್ತಿದ್ದದ್ದು ರಕ್ತದ ಸಂಗತಿ. ಬಸ್ಸಿನಲ್ಲಿ ಇವರು ಟಿಕೇಟು ಕೊಡುವುದನ್ನು ಬಿಟ್ಟು ನನ್ನ ಸೀಟಿನ ಹತ್ತಿರ ನಿಂತು ಕೇಳಿದರು, "ಎಂತ ಹೇಳಿದ್ರು?" "ಗುಳಿಗೆ ಮುಂದುವರಿಸಲಿಕ್ಕೆ," ಎಂದೆ. ಪೂರ್ತಿ ಹೇಳಲು ಆಗಲಿಲ್ಲ.

ಜೂನ್ ಬಂತು. ಶಾಲೆ ತೆರೆಯಿತು. ಮಳೆ ಹಿಡಿದ ಒಂದು ಬೆಳಿಗ್ಗೆ, ನಾನು ಎಡಗೈಯಲ್ಲಿ ಲೋಟ, ಬಲಗೈಯಲ್ಲಿ ಗುಳಿಗೆ ಹಿಡಿದು ನುಂಗಲಿಕ್ಕೆ ಹೊರಟಿದ್ದೆ. ಅಷ್ಟರಲ್ಲಿ ಚೇಡತ್ತಿ ಅಂಗಳದಲ್ಲಿ ಕೂಗಿಕೊಂಡರು, "ಅಯ್ಯೋ ಟೀಚರೇ, ಶೀಟೆಲ್ಲ ನೆನೀತದೆ, ಓಡಿ ಬನ್ನಿ!" ಬೆಚ್ಚಿದ ಕೈಯಿಂದ ಗುಳಿಗೆ ಜಾರಿ ಲೋಟಕ್ಕೇ ಬಿತ್ತು. ಆಮೇಲೆ ತೆಗೆದರಾಯಿತು ಎಂದು ಕಿಟಕಿಯ ದಂಡೆಯ ಮೇಲಿಟ್ಟು ಹೋದೆ. ಶೀಟುಗಳನ್ನು ಒಳಗೆ ಹಾಕುವಷ್ಟರಲ್ಲಿ ಶಾಲೆಗೆ ಹೊತ್ತಾಗಿತ್ತು. ಹಾಗೇ ಹೊರಟೆ.

ಸಂಜೆ ಬಂದು ನೋಡುತ್ತೇನೆ, ಲೋಟದಲ್ಲಿ ಕಪ್ಪು ನೀರು.

ಮೇಲಿನ ಮಾಡಿನ ಮಸಿ ಬಿದ್ದಿರಬೇಕು ಎಂದುಕೊಂಡು ಪಿಂಗಾಣಿ ಬಟ್ಟಲಿಗೆ ಸುರಿದೆ. ಕಪ್ಪಿನಲ್ಲಿ ನೀಲಿಯ ಛಾಯೆ. ಬೆರಳು ಅದ್ದಿದೆ, ಬೆರಳಿಗೆ ಹಿಡಿಯಿತು. ಸೋಪು ಹಾಕಿದರೂ ಹೋಗಲಿಲ್ಲ. ಆಗ ನೆನಪಾಯಿತು. ಹೋದ ವರ್ಷ ತಾನೇ ಕ್ಲಾಸಿನಲ್ಲಿ ಮಕ್ಕಳಿಗೆ ಮಾಡಿ ತೋರಿಸಿದ್ದೆ: ಅಣಿಲೆಕಾಯಿ ಬೇಯಿಸಿದ ಒಗರು ನೀರಿಗೆ ಅನ್ನಭೇದಿ ಹಾಕಿದರೆ ಬರೆಯುವ ಮಸಿ ಆಗುತ್ತದೆ, ನಮ್ಮ ಹಿರಿಯರು ಕಾಗದದ ಲೆಕ್ಕಪುಸ್ತಕಕ್ಕೆ ಹೀಗೇ ಮಸಿ ಮಾಡಿಕೊಳ್ಳುತ್ತಿದ್ದರು ಎಂದು. ಅನ್ನಭೇದಿ ಎಂದರೆ ಕಬ್ಬಿಣದ ಉಪ್ಪು. ನನ್ನ ಗುಳಿಗೆಯೂ ಅದೇ. ಒಗರು ಕಬ್ಬಿಣವನ್ನು ಹಿಡಿದರೆ ಬಿಡುವುದಿಲ್ಲ. ಚಾಯವನ್ನು ಬೇಡ ಎಂದದ್ದೂ ಅದರ ಒಗರಿಗಾಗಿಯೇ. ಬೇಂಗ ಚಾಯಕ್ಕಿಂತ ಎಷ್ಟೋ ಒಗರು.

ಆದರೂ ಖಾತ್ರಿಯಾಗಬೇಕಲ್ಲ. ಮರುದಿನ ಬೆಳಿಗ್ಗೆ ಎರಡು ಗಾಜಿನ ಗ್ಲಾಸು ಇಟ್ಟೆ. ಒಂದರಲ್ಲಿ ಬಾವಿಯ ನೀರು, ಇನ್ನೊಂದರಲ್ಲಿ ಲೋಟದ ನೀರು. ಎರಡಕ್ಕೂ ಒಂದೊಂದು ಗುಳಿಗೆ. ಸಂಜೆ ಬಾವಿಯ ನೀರು ಸ್ವಲ್ಪ ಕದಡಿತ್ತು. ಇನ್ನೊಂದು ಮಸಿಕುಡಿಕೆಯಾಗಿತ್ತು. ಇಷ್ಟು ಕಾಲ ನಾನು ಮಗುವಿಗೆ ರಕ್ತ ಕೊಡುತ್ತಿದ್ದೇನೆ ಎಂದು ದಿನವೂ ಬೆಳಿಗ್ಗೆ ಹೊಟ್ಟೆಯಲ್ಲಿ ಮಸಿ ಕಲಸಿದ್ದೆ.

ಇವರೊಟ್ಟಿಗೆ ಪುತ್ತೂರಿಗೆ ಹೋಗಿ ಡಾಕ್ಟರಮ್ಮನಲ್ಲಿ ಎಲ್ಲ ಹೇಳಿದೆ. ನಮ್ಮ ಮನೆಯಿಂದ ಯಾರಾದರೂ ಡಾಕ್ಟರಲ್ಲಿ ಊರ ಮದ್ದಿನ ಮಾತು ಎತ್ತಿದ್ದು ಅದೇ ಮೊದಲು.

"ಇಷ್ಟು ಸಮಯ ಯಾಕೆ ಹೇಳ್ಲಿಲ್ಲ?"

"ನೀವು ಬೈತೀರಿ ಅಂತ."

"ಬೈತೇನೆ. ಬೈದ್ರೂ ಹೇಳ್ಬೇಕು." ಬೈದರು ಕೂಡ. ಆಮೇಲೆ ಹೇಳಿದರು: ಲೋಟ ಇವತ್ತಿಗೇ ಬಿಡಬೇಕು. ಗುಳಿಗೆಯನ್ನು ಉಪ್ಪು ಹಾಕಿದ ಲಿಂಬೆ ನೀರಿನಲ್ಲಿ ನುಂಗಬೇಕು, ಹುಳಿ ಇದ್ದರೆ ಕಬ್ಬಿಣ ಬೇಗ ರಕ್ತಕ್ಕೆ ಹೋಗುತ್ತದೆ. ಸಕ್ಕರೆ ಏರಿದರೆ ಸೂಜಿ ಹೆಚ್ಚಿಸುವ. "ಆದ್ರೆ ಸಮಯ ಕಡಿಮೆ. ರಕ್ತ ಕೊಡ್ಲಿಕ್ಕೆ ಜನ ತಯಾರು ಇಟ್ಟುಕೊಳ್ಳಿ." ಇವರ ಮುಖ ನೋಡಿ ಕೊನೆಯ ಮಾತನ್ನು ಎರಡು ಸಲ ಹೇಳಿದರು.

ವಾಪಸು ಬರುವಾಗ ಇವರು ಹೇಳಿದರು, "ಮಾವನಲ್ಲಿ ಹೇಳುದು ಬೇಡ. ಲೋಟ ಒಂದು ಬದಿಗೆ ಇಡು, ಅಷ್ಟೆ. ಅವ್ರಿಗೆ ತಡೀಲಿಕ್ಕಿಲ್ಲ." ನಾನೂ ಹಾಗೆಯೇ ಅಂದುಕೊಂಡಿದ್ದೆ.

ಆದರೆ ಆ ವಾರವೇ ಅಪ್ಪ ಬಂದರು. ಮಳೆಯಲ್ಲಿ ನೆನೆದು, ಬೈರಾಸಿನ ಗಂಟನ್ನು ಮಾತ್ರ ಎದೆಗೆ ಒತ್ತಿ ನೆನೆಯದಂತೆ ಇಟ್ಟುಕೊಂಡು. ಬೇಂಗದ ಲೋಟ ಕೆಲವು ತಿಂಗಳಾದ ಮೇಲೆ ಬಣ್ಣ ಬಿಡುವುದು ಕಡಿಮೆಯಾಗುತ್ತದೆ, ಸತ್ವ ಹೋಗುತ್ತದೆ. ಅದಕ್ಕೆಂದು ಹೊಸ ಲೋಟ ಕೊರೆದು ತಂದಿದ್ದರು. ಈ ಸಲ ಒಳಗೂ ನಯ ಮಾಡಿದ್ದರು. "ಹಳೇದು ಕೊಡು ಮಗಾ. ಮಿಲ್ಲಿನ ಹತ್ರ ಒಬ್ಳು ಬಸುರಿ ಇದ್ದಾಳೆ, ಸಕ್ಕರೆಯಂತೆ. ಅವಳಿಗೂ ಒಂದು ಮಾಡಿಕೊಡ್ತೇನೆ ಅಂತ ಹೇಳಿದ್ದೇನೆ. ನಿನ್ನದನ್ನು ನೋಡಿ ಅಳತೆ ತೆಗೀಬೇಕು."

ನಾನು ಇವರ ಮುಖ ನೋಡಿದೆ. ಇವರು ತಲೆ ಅಲ್ಲಾಡಿಸಿದರು, ಬೇಡ ಎಂದು. ಆದರೆ ಇನ್ನೊಬ್ಬಳು ಬಸುರಿ.

ಬಾಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಹಳೆಯ ಲೋಟದಲ್ಲಿ ಡಾಕ್ಟರಲ್ಲಿ ಹೋಗುವ ಮೊದಲು ಹಾಕಿಟ್ಟ ನೀರು ಇನ್ನೂ ಇತ್ತು, ಚೆಲ್ಲಲು ಮನಸ್ಸು ಬಂದಿರಲಿಲ್ಲ. ಅದನ್ನು ಬಿಳಿ ಬಟ್ಟಲಿಗೆ ಸುರಿದೆ. ಗುಳಿಗೆಯನ್ನು ಕಲ್ಲಿನಲ್ಲಿ ಜಜ್ಜಿ ಹಾಕಿದೆ. "ನೋಡಿ ಅಪ್ಪ," ಎಂದೆ. ಅಪ್ಪ ಕುಕ್ಕರಗಾಲಿನಲ್ಲಿ ಕೂತು ನೋಡಿದರು. ಹುಡಿ ಬಿದ್ದಲ್ಲೆಲ್ಲ ಕಪ್ಪು ಬೇರು ಬಿಟ್ಟ ಹಾಗೆ ಹಬ್ಬಿತು. ಚೇಡತ್ತಿ ಕೊಟ್ಟ ಚಾಯ ಅವರ ಪಕ್ಕದಲ್ಲಿ ಆರುತ್ತಿತ್ತು.

"ಇದು ಎಂತ?"

"ಮಸಿ. ಡಾಕ್ಟ್ರು ಕೊಟ್ಟ ಗುಳಿಗೆಯನ್ನು ನಾನು ನಿಮ್ಮ ಲೋಟದ ನೀರಿನಲ್ಲಿ ನುಂಗುತ್ತಿದ್ದೆ. ನೀರಿನ ಒಗರು ಗುಳಿಗೆಯನ್ನು ಹಿಡಿದು ಹೀಗೆ ಮಾಡ್ತದೆ. ರಕ್ತಕ್ಕೆ ಹೋಗಲಿಲ್ಲ. ರಕ್ತ ಆಗಲಿಲ್ಲ."

ಅಪ್ಪ ಹೆಬ್ಬೆರಳನ್ನು ಬಟ್ಟಲಿನಲ್ಲಿ ಅದ್ದಿ ಎತ್ತಿ, ಬೆಳಕಿಗೆ ತಿರುಗಿಸಿ ನೋಡಿದರು. "ಹೌದು, ಮಸಿಯೇ," ಎಂದರು. "ನಾನು ಮಸಿ ಕಂಡದ್ದು ಈ ಬೆರಳಿನಲ್ಲಿ ಮಾತ್ರ. ನಿನಗೆ ಇದು ಬರುದು ಬೇಡ ಅಂತ ಶಾಲೆಗೆ ಕಳಿಸಿದ್ದು. ನಾನೇ ನಿನ್ನ ಹೊಟ್ಟೆಗೆ ಹಾಕಿದೆನಾ?"

"ನೀವು ಲೋಟ ಕೊಟ್ಟಿರಿ. ಎರಡನ್ನೂ ಬೆರೆಸಿದ್ದು ನಾನು."

"ಬೆರೆಸಿದ್ದು ನೀನಲ್ಲ. ಡಾಕ್ಟ್ರಲ್ಲಿ ಹೇಳ್ಬೇಡ ಅಂತ ಹೇಳಿದವ ನಾನು."

ಚಾಯ ಕುಡಿಯಲಿಲ್ಲ. ಎರಡೂ ಲೋಟಗಳನ್ನು ಬೈರಾಸಿನಲ್ಲಿ ಕಟ್ಟಿಕೊಂಡು ಎದ್ದರು. ಇವರು "ಮಳೆ ನಿಲ್ಲಲಿ ಮಾವ, ಊಟ ಮಾಡಿ ಹೋಗುವಾ," ಎಂದರು. "ಅವಳಿಗೆ ಲೋಟ ಇಲ್ಲ ಅಂತ ಹೇಳ್ಬೇಕು," ಎಂದರು ಅಪ್ಪ. ಅಂಗಳ ದಾಟಿ ಹೋದರು. ಚೇಡತ್ತಿ ನನ್ನ ಬಾಗಿಲಲ್ಲಿ ನಿಂತು, "ಎಂತಕ್ಕೆ ತೋರಿಸಿದ್ರಿ ಟೀಚರೇ, ಅಷ್ಟು ವಯಸ್ಸಾದವರಿಗೆ?" ಎಂದು ಕೇಳಿದರು. ಸರಿ ಮಾಡಿದೆ ಎಂದು ನನಗೆ ಗೊತ್ತಿತ್ತು. ಆದರೂ ಆ ಬಿಳಿ ಬಟ್ಟಲನ್ನು ಆ ರಾತ್ರಿ ಮೂರು ಸಲ ಉಜ್ಜಿ ತೊಳೆದೆ.

ಕಡಬ–ಪುತ್ತೂರು ದಾರಿಯ ಹೊಸ್ಮಠದ ಮುಳುಗು ಸೇತುವೆಯ ಮೇಲೆ ಹೊಳೆ ಹತ್ತಿದರೆ ಬಸ್ಸು ಈಚೆ ದಡದಲ್ಲೇ ನಿಲ್ಲುವುದು. ಎಷ್ಟೋ ಬಸುರಿಯರು ಆ ದಡದಲ್ಲಿ ಕೂತು ನೀರು ಇಳಿಯುವುದನ್ನು ಕಾದವರೇ. ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು. ಜುಲೈ ಮೊದಲ ವಾರವೇ ರಜೆ ಹಾಕಿ ಪುತ್ತೂರಿನಲ್ಲಿ ಆಸ್ಪತ್ರೆಯ ಹತ್ತಿರ ಒಂದು ಕೋಣೆ ಹಿಡಿದೆವು. ಸ್ಪಿರಿಟ್ ದೀಪ, ನಳಿಗೆ, ಹೊಯ್ಗೆಯ ಮಡಕೆ ಎಲ್ಲ ಬಸ್ಸಿನಲ್ಲೇ ಬಂತು. ಮಡಕೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ ನನ್ನನ್ನು ನೋಡಿ ಒಬ್ಬಾಕೆ, "ಬಸಳೆ ನಡ್ಲಿಕ್ಕಾ ಟೀಚರೇ?" ಎಂದು ಕೇಳಿದಳು.

ಲೋಟ ಬಿಟ್ಟ ಮೇಲೆ ಬಣ್ಣ ಮತ್ತೆ ಹಳದಿಗೆ ತಿರುಗಿತು. ಸೂಜಿ ಹೆಚ್ಚಿಸಿದರು. ಒಂದು ಬೆಳಿಗ್ಗೆ ಸಕ್ಕರೆ ವಿಪರೀತ ಇಳಿದು ಕೈಕಾಲು ನಡುಗಿ ಬೆವತು ಬಿದ್ದೆ. ಇವರು ಬಾಯಿಗೆ ಗ್ಲುಕೋಸು ಸುರಿದರು. ಲಿಂಬೆಯ ನೀರಿನಲ್ಲಿ ಗುಳಿಗೆ, ಮಧ್ಯಾಹ್ನ ಹುರುಳಿ ಸಾರು, ನುಗ್ಗೆಸೊಪ್ಪು, ಸಿಕ್ಕಿದ ದಿನ ಆಡಿನ ಲಿವರ್. ರಕ್ತ ನೂಲಿನಷ್ಟು ನೂಲಿನಷ್ಟು ಮೇಲೆ ಬಂತು. ಡಾಕ್ಟರಮ್ಮ ಪ್ರತಿ ಸಲವೂ ಕೊಳವೆಯನ್ನು ಕಿಟಕಿಗೆ ಹಿಡಿದು "ಇನ್ನೂ ಸಾಲ್ದು" ಎನ್ನುತ್ತಿದ್ದರು. ಸೀಮೆಸುಣ್ಣದ ಆಸೆ ಮಾತ್ರ ಹೇಳದೆ ಕೇಳದೆ ಹೋಗಿತ್ತು. ಅಪ್ಪನ ಸುದ್ದಿಯೇ ಇರಲಿಲ್ಲ. ಅಮ್ಮ ಹೇಳಿ ಕಳಿಸಿದ್ದಳು, ಅವರು ಮಿಲ್ಲಿಗೆ ಹೋಗುತ್ತಾರೆ, ಬರುತ್ತಾರೆ, ಯಾರಲ್ಲೂ ಮಾತಾಡುವುದಿಲ್ಲ ಎಂದು.

ಆಟಿ ತಿಂಗಳು, ನಮ್ಮ ಕಡೆಯ ಆಷಾಢ, ಹಿಡಿದಿತ್ತು. ಹೆಚ್ಚು ಕಾದರೆ ಹೋದ ಸಲದ ಹಾಗೆ ಆದೀತೆಂದು ಡಾಕ್ಟರಮ್ಮ ಮೊದಲೇ ನೋವು ಬರಿಸಿದರು. ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನ ದಾಟಿತು. ಮಗು ಹೊರಗೆ ಬಂದಾಗ ಮೊದಲು ನನಗೆ ಕೇಳಿಸಿದ್ದು ಮಾಡಿನ ಮೇಲಿನ ಮಳೆ ಮಾತ್ರ. ಹೋದ ಸಲವೂ ಹೀಗೇ ಮಳೆ ಮಾತ್ರ ಕೇಳಿಸಿತ್ತು. ನಾನು ಕಣ್ಣು ಮುಚ್ಚಿದೆ. ಆಮೇಲೆ ಅತ್ತಿತು. ಹೆಣ್ಣು. ಅತ್ತು ಸ್ವಲ್ಪದರಲ್ಲೇ ನಡುಗತೊಡಗಿತಂತೆ. ತಾಯಿಯ ಸಕ್ಕರೆಗೆ ಒಗ್ಗಿದ ಮಗುವಿಗೆ ಹೊರಗೆ ಬಂದ ಕೂಡಲೇ ಸಕ್ಕರೆ ಇಳಿಯುತ್ತದಂತೆ. ಯಾವ ಸಕ್ಕರೆಯನ್ನು ದೂರ ಇಡಲು ಇಷ್ಟು ತಿಂಗಳು ಹೋರಾಡಿದೆನೋ ಅದನ್ನೇ ನೀರಿನಲ್ಲಿ ಕಲಸಿ ನರ್ಸು ಹನಿ ಹನಿಯಾಗಿ ಅದರ ಬಾಯಿಗೆ ಹಾಕುತ್ತಿದ್ದಳು.

ನನ್ನ ರಕ್ತ ನಿಲ್ಲಲಿಲ್ಲ. ಡಾಕ್ಟರಮ್ಮನ ಕೈ ಮೊಣಕೈವರೆಗೆ ಕೆಂಪಾಗಿದ್ದದ್ದು, "ಹೊರಗೆ ಯಾರಿದ್ದಾರೆ, ಕೇಳಿ!" ಎಂದು ಅವರು ಕೂಗಿದ್ದು ನೆನಪುಂಟು. ಕಾಲು ತಣ್ಣಗಾಗುತ್ತ ಬಂತು. ಉಳಿದದ್ದನ್ನು ಇವರು ಆಮೇಲೆ ಹೇಳಿದ್ದು. ಇವರ ರಕ್ತ ನನಗೆ ಹೊಂದಲಿಲ್ಲ. ತಯಾರಿಟ್ಟಿದ್ದ ಡ್ರೈವರ್ ಗೆಳೆಯ ಸೇತುವೆಯ ಆಚೆ ಸಿಕ್ಕಿಕೊಂಡಿದ್ದ. ಇವರು ಗೋಡೆಗೆ ತಲೆ ಇಟ್ಟು ನಿಂತಿದ್ದಾಗ ಜಗಲಿಯ ಮೂಲೆಯಲ್ಲಿ ಕೂತಿದ್ದವರೊಬ್ಬರು ಎದ್ದು ಬಂದರಂತೆ. ಹಿಂದಿನ ದಿನವೇ ಬಸ್ಸಿನವರಿಂದ ವಿಷಯ ತಿಳಿದು, ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದರಂತೆ. ಒಳಗೆ ಬರಲು ಧೈರ್ಯ ಸಾಲದೆ.

"ನನ್ನದು ಆಗ್ತದಾ ಅಂತ ನೋಡಿ," ಎಂದರಂತೆ ಅಪ್ಪ. ಕಂಪೌಂಡರ್ ಅವರ ಒಣಗಿದ ತೋಳು ನೋಡಿ ಹಿಂದೇಟು ಹಾಕಿದನಂತೆ. "ಮರ ಕೊಯ್ಯುವ ಕೈ ಇದು ಮಾರಾಯ, ನಿನ್ನನ್ನು ಎತ್ತಿ ಆಚೆ ಇಡ್ತೇನೆ," ಎಂದರಂತೆ. ನೋಡಿದರು. ಹೊಂದಿತು.

ಎಚ್ಚರವಾದಾಗ ಸಂಜೆಯ ಬೆಳಕಿತ್ತು. ತಲೆಯ ಮೇಲೆ ಬಾಟ್ಲಿ, ಅದರಿಂದ ನನ್ನ ಕೈಗೆ ಇಳಿಯುವ ಕೆಂಪು ನಳಿಗೆ. ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿದ ಮಗು, ಅದರ ಉಸಿರಿಗೆ ಬಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಅಪ್ಪ ಬಾಗಿಲಲ್ಲಿ ನಿಂತಿದ್ದರು, ಒಳಗೂ ಅಲ್ಲ, ಹೊರಗೂ ಅಲ್ಲ. ರಕ್ತ ಕೊಡುವ ಮೊದಲು ಒಪ್ಪಿಗೆಗೆಂದು ಒತ್ತಿಸಿಕೊಂಡ ಹೆಬ್ಬೆರಳು ಕಪ್ಪಗಿತ್ತು. ಅದನ್ನು ಬೈರಾಸಿಗೆ ತಿಕ್ಕುತ್ತಿದ್ದರು, ನನಗೆ ಕಾಣಬಾರದು ಎಂಬ ಹಾಗೆ.

"ಹತ್ತಿರ ಬನ್ನಿ ಅಪ್ಪ," ಎಂದೆ. "ಮಗು ನೋಡಿ."

ಬಂದರು. ಮಗುವಿನ ಮುಖದ ಮೇಲೆ ಬಗ್ಗಿ, ಮುಟ್ಟದೆ, ಬಹಳ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ ಬಾಟ್ಲಿಯನ್ನು ನೋಡಿದರು. ಕೆಳಗಿನಿಂದ ಗರಗಸ ಎಳೆಯುವಾಗ ಮೇಲಿನವನನ್ನು ನೋಡುವ ಹಾಗೆ, ಕಣ್ಣು ಕಿರಿದು ಮಾಡಿ.

"ಹೆದರ್ಬೇಡ ಮಗಾ," ಎಂದರು. "ಡಾಕ್ಟ್ರಲ್ಲಿ ಎಲ್ಲ ಹೇಳಿದ್ದೇನೆ. ಲೋಟದ್ದೂ ಹೇಳಿದೆ. ಈ ಸಲ ಎಂತದೂ ಬೆರೆಸಲಿಲ್ಲ, ಹಾಗೇ ಕೊಟ್ಟದ್ದು."